ಯಾಳಿಗೆ ಕಾಲು ಕೊಟ್ಟವರು ಯಾರು?

1/8 ಇಲ್ಲದ ಪ್ರಾಣಿ

ಮೊದಲ ಚಿತ್ರವನ್ನು ಜೂಮ್ ಮಾಡಿ ನೋಡ್ರಿ. ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದ ಕಂಬ ಅದು. ಹಿಂಗಾಲ ಮೇಲೆ ಎದ್ದು ನಿಂತಿರೋ ಪ್ರಾಣಿಯ ಹೆಸರು ಯಾಳಿ. ಮೈ ಸಿಂಹದ್ದು, ಕಣ್ಣುಗುಡ್ಡೆ ಹೊರಗೆ ಚಾಚಿದೆ, ಬಾಯಿ ತುಂಬ ಹಲ್ಲು. ಬೇರೆ ಕೆಲವು ಕಂಬಗಳಲ್ಲಿ ಇದೇ ಮೈಗೆ ಆನೆಯ ಸೊಂಡಿಲು ಸೇರಿರುತ್ತೆ. ಬೆನ್ನ ಮೇಲೊಬ್ಬ ಸವಾರ, ಕಾಲ ಕೆಳಗೊಂದು ಮಕರ.

ಇಂಥ ಪ್ರಾಣಿ ಭೂಮಿ ಮೇಲೆ ಯಾವತ್ತೂ ಓಡಾಡಿಲ್ಲ. ಆದರೂ ಹತ್ತಿರ ಹೋಗಿ ನಿಂತರೆ ಇನ್ನೇನು ಹಾರುತ್ತೆ ಅನ್ನಿಸುತ್ತೆ. ಕಲ್ಲು ಅಂತ ಗೊತ್ತಿದ್ದೂ ಹಾಗನ್ನಿಸುತ್ತೆ. ಯಾಕೆ?

ಈ ಸರಣಿ ಪೂರ್ತಿ ಈ ಒಂದು ಪ್ರಶ್ನೆಯ ಬಗ್ಗೆ. ಯಾಕಂದ್ರೆ ನಮ್ಮ ಕ್ಲಾಸಿನಲ್ಲಿ ಪೋಸ್ಟರ್ ಮಾಡಿ, ಲೋಗೊ ಮಾಡಿ, ಗೇಮಿಗೊಂದು ಪಾತ್ರ ಮಾಡಿ ಅಂತ ಹೇಳಿದ ತಕ್ಷಣ ಎಲ್ಲರ ಕೈಯೂ ಫೋನಿಗೆ ಹೋಗುತ್ತೆ. "ಇನ್‌ಸ್ಪಿರೇಶನ್" ಅಂತ ಹುಡುಕ್ತೀವಿ. ಹತ್ತು ಜನ ಹುಡುಕಿದ್ರೆ ಹತ್ತು ಜನರಿಗೂ ಹೆಚ್ಚುಕಡಿಮೆ ಅದೇ ಚಿತ್ರಗಳು ಬರ್ತವೆ. ಕೊನೆಗೆ ಗೋಡೆಗೆ ಅಂಟಿಸಿದಾಗ ಎಲ್ಲವೂ ಅಣ್ಣತಮ್ಮಂದಿರ ಥರ ಕಾಣ್ತವೆ.

ಈ ಮಂಟಪವನ್ನು ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರ ಹೊತ್ತಿಗೆ, ಕಟ್ಟಿಸಿದ. ಇಲ್ಲಿ ಉಳಿ ಹಿಡಿದವರ ಮುಂದೆಯೂ ಇದೇ ಕೆಲಸ ಇತ್ತು: ಯಾರೂ ನೋಡಿರದ ಒಂದು ರೂಪವನ್ನು ಜನ ನಂಬುವ ಹಾಗೆ ಮಾಡಬೇಕು. ಇವತ್ತು ಸೈನ್ಸ್ ಫಿಕ್ಷನ್ ಸಿನಿಮಾಕ್ಕೆ ಏಲಿಯನ್ ಬಿಡಿಸುವವರ ಕೆಲಸವೂ ಅದೇ. ಅವರು ಎಲ್ಲಿಂದ ತಂದರು ಅಂತ ಹುಡುಕಿಕೊಂಡು ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸುತ್ತೋಣ ಬರ್ರಿ.

2/8 ಕುದುರೆಯ ಹಿಂಗಾಲು

ಯಾಳಿಯ ಮುಖ ಬಿಡ್ರಿ. ಕಾಲು ನೋಡ್ರಿ.

ಮುಂಗಾಲು ಗಾಳಿಯಲ್ಲಿ, ಮೈಭಾರ ಪೂರ್ತಿ ಹಿಂಗಾಲ ಮೇಲೆ, ಬೆನ್ನು ಬಿಲ್ಲಿನ ಹಾಗೆ ಸೆಟೆದಿದೆ. ಸಿಂಹ ಸಾಮಾನ್ಯವಾಗಿ ಹೀಗೆ ನಿಲ್ಲಲ್ಲ. ಬೆದರಿದ ಕುದುರೆ ನಿಲ್ಲುತ್ತೆ, ಸವಾರ ಲಗಾಮು ಜಗ್ಗಿದಾಗ ನಿಲ್ಲುತ್ತೆ.

ವಿಜಯನಗರದವರಿಗೆ ಕುದುರೆ ಅಂದ್ರೆ ಏನು ಅಂತ ನೆನಪು ಮಾಡಿಕೊಳ್ರಿ. ಒಳ್ಳೆ ಯುದ್ಧದ ಕುದುರೆ ಇಲ್ಲಿ ಬೆಳೀತಿರಲಿಲ್ಲ. ಅರಬ್ ಕಡೆಯಿಂದ, ಹೋರ್ಮುಜ್‌ನಿಂದ ಹಡಗಲ್ಲಿ ಬರಬೇಕಿತ್ತು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿದ ಮೇಲೆ ಈ ವ್ಯಾಪಾರದ ಕೀಲಿ ಅವರ ಕೈಗೂ ಹೋಯ್ತು. ರಾಜ ವರ್ಷಕ್ಕೆ 13,000 ಕುದುರೆ ಕೊಳ್ತಾನೆ ಅಂತ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಮಹಾನವಮಿ ದಿಬ್ಬದ ಕಲ್ಲುಪಟ್ಟಿಗಳ ಮೇಲೆ ಆನೆ, ಒಂಟೆ, ಬೇಟೆ, ಕುಣಿತದ ಜೊತೆಗೆ ಕುದುರೆಗಳ ಸಾಲು ನೀವೇ ನೋಡಬಹುದು. ಅಂದ್ರೆ ಎದ್ದು ನಿಂತ ಕುದುರೆ ಈ ಊರಿನ ಬೀದಿಯಲ್ಲಿ ಎಲ್ಲರೂ ಕಂಡ ದೃಶ್ಯ. ಯಾಳಿಯ ಮುಖ ಕಲ್ಪನೆಯದು ಇರಬಹುದು, ಆದರೆ ಆ ಮೈಭಾರ ಕಣ್ಣಾರೆ ಕಂಡದ್ದು. ನಮಗೆ ನಂಬಿಕೆ ಹುಟ್ಟೋದು ಆ ಭಾರದಿಂದ.

ಈಗ ಜಪಾನಿಗೆ ಹೋಗಿ ಬರೋಣ. 1954ರಲ್ಲಿ 'ಗಾಡ್ಜಿಲ್ಲಾ' ಸಿನಿಮಾ ಬಂತು. ಆ ದೈತ್ಯನ ರೂಪ ಕಟ್ಟಿದವರು ಡೈನೋಸಾರ್‌ಗಳನ್ನು ಬಿಡಿಸಿ ಜೋಡಿಸಿದರು: ಟೈರನೋಸಾರಸ್, ಇಗ್ವಾನೊಡಾನ್, ಬೆನ್ನ ಮೇಲಿನ ಹಲಗೆಗಳಿಗೆ ಸ್ಟೆಗೊಸಾರಸ್. ಅದೇ ವರ್ಷ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಒಂದು ಜಪಾನಿ ಮೀನುಗಾರಿಕಾ ದೋಣಿಯ ಮೇಲೆ ಬಿದ್ದಿತ್ತು. ಆ ಭಯವೂ ಗಾಡ್ಜಿಲ್ಲಾದ ಮೈಯೊಳಗೆ ಸೇರಿತು. ಇನ್ನು 'ಸ್ಟಾರ್ ವಾರ್ಸ್'ನ ಚ್ಯೂಬಾಕಾ? ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರ ಸಾಕುನಾಯಿ ಕಾರಿನ ಮುಂದಿನ ಸೀಟಲ್ಲಿ ಗತ್ತಿನಿಂದ ಕೂತಿರುತ್ತಿತ್ತು. ಆ ನಾಯಿಯೇ ಬಾಹ್ಯಾಕಾಶ ನೌಕೆಯ ಸಹಪೈಲಟ್ ಆಯ್ತು.

ಕಂಬದ ಯಾಳಿ ಆಗಲಿ, ತೆರೆಯ ಏಲಿಯನ್ ಆಗಲಿ, ದಾರಿ ಒಂದೇ. ಪೂರ್ತಿ ಪ್ರಾಣಿ ಸುಳ್ಳು, ಅದರ ಒಂದೊಂದು ಭಾಗ ನಿಜ.

3/8 ಬೇರೆ ಗ್ರಹದ ಬಂಡೆಗಳು

ಹೊರಗಿನಿಂದ ಬಂದ ಗೆಳೆಯರು ಮಾತಂಗ ಬೆಟ್ಟ ಹತ್ತಿದಾಗ ಹೇಳೋ ಮೊದಲ ಮಾತು ನಿಮಗೂ ಗೊತ್ತು: "ಇದು ಬೇರೆ ಗ್ರಹದ ಥರ ಐತಲ್ಲೋ!" ಒಂದರ ಮೇಲೊಂದು ಯಾರೋ ಪೇರಿಸಿಟ್ಟ ಹಾಗಿರೋ ದುಂಡು ಬಂಡೆಗಳು. ರಾಮಾಯಣದ ಕಿಷ್ಕಿಂಧೆ ಇದೇ ಅಂತ ನಮ್ಮ ಜನ ನಂಬಿದ್ದಾರೆ, ವಾನರರು ಎಸೆದಾಡಿದ ಕಲ್ಲು ಅಂತ ಅಜ್ಜಿಯಂದಿರು ಕಥೆ ಹೇಳ್ತಾರೆ.

ಭೂವಿಜ್ಞಾನದ ಕಥೆಯೂ ಕಡಿಮೆ ಸೋಜಿಗದ್ದಲ್ಲ. ಇದು ಕ್ಲೋಸ್‌ಪೇಟ್ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಆ ಹೆಸರೇ ಕಲ್ಲಿಗೂ ಬಂತು. 'ಶೋಲೆ' ಚಿತ್ರದ ಗಬ್ಬರ್ ಕೂತ ಬಂಡೆಯೂ ಹಂಪಿಯ ಬಂಡೆಯೂ ಒಂದೇ ಪಟ್ಟಿಗೆ ಸೇರಿದ ಸಂಬಂಧಿಕರು. ಈ ಕಲ್ಲುಗಳನ್ನು ಯಾರೂ ತಂದು ಪೇರಿಸಿಲ್ಲ. ನೆಲದೊಳಗಿದ್ದ ಒಂದೇ ದೊಡ್ಡ ಬಂಡೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟವು. ಬಿರುಕಿನೊಳಗೆ ನೀರಿಳಿಯಿತು. ಚೌಕದ ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಅವೇ ಮೊದಲು ಸವೆದವು, ಚೌಕ ದುಂಡಗಾಯ್ತು. ಸುತ್ತಲಿನ ಪುಡಿಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡುಗಳು ಇದ್ದಲ್ಲೇ ಉಳಿದವು.

ಹಂಪಿಯ ಶಿಲ್ಪಿಗಳು ಈ ಆಕಾರದ ಜೊತೆ ಜಗಳ ಆಡಲಿಲ್ಲ. ಹೇಮಕೂಟದ ಇಳಿಜಾರಲ್ಲಿರೋ ಕಡಲೆಕಾಳು ಗಣಪ ಸುಮಾರು ನಾಲ್ಕೂವರೆ ಮೀಟರ್ ಎತ್ತರ, ಒಂದೇ ಬಂಡೆ. ಗಣಪನ ಹೊಟ್ಟೆಗೂ ಬಂಡೆಯ ದುಂಡಿಗೂ ನೋಡ್ರಿ ಎಂಥ ಹೊಂದಿಕೆ! ಬಂಡೆಯಲ್ಲಿ ಮೊದಲೇ ಇದ್ದ ಹೊಟ್ಟೆಯನ್ನು ಅವರು ಕಂಡುಹಿಡಿದರು ಅನ್ನಬೇಕು. 1528ರ ಉಗ್ರನರಸಿಂಹ ಕೂಡ ಇದ್ದ ಜಾಗದಲ್ಲೇ ಒಂದೇ ಬಂಡೆಯಿಂದ ಎದ್ದವನು, ಎತ್ತರ 6.7 ಮೀಟರ್. ಗಾತ್ರದಲ್ಲಿ ಇಷ್ಟು ದೊಡ್ಡ ಗಣಪರಿಗೆ ನಮ್ಮ ಜನ ಇಟ್ಟ ಹೆಸರು ಕಡಲೆಕಾಳು, ಸಾಸಿವೆಕಾಳು! ಈ ಹಾಸ್ಯಪ್ರಜ್ಞೆಯೂ ಡಿಸೈನಿನ ಭಾಗವೇ.

ನಿಮಗೊಂದು ಕೆಲಸ: ಮುಂದಿನ ಸಲ ಬಂಡೆ ನೋಡಿದಾಗ ಅಂಚಿನ ಗೆರೆ ಮಾತ್ರ ಬಿಡಿಸ್ರಿ. ಹತ್ತು ಬಂಡೆ, ಹತ್ತು ಗೆರೆ. ಸೈನ್ಸ್ ಫಿಕ್ಷನ್ ನಗರಕ್ಕೆ ಬೇಕಾದ ಕಟ್ಟಡಗಳ ಅರ್ಧ ಪಟ್ಟಿ ಅಲ್ಲೇ ಸಿಗುತ್ತೆ.

4/8 ಕೂಸಿನ ಕುಲಾವಿ

ಪ್ರಕೃತಿಯಿಂದ ತಗೊಂಡರೆ ಯಾರೂ ಬೇಡ ಅನ್ನಲ್ಲ. ಬೇರೆಯವರ ಕಲೆಯಿಂದ ತಗೊಂಡರೆ? ಅದೂ ಯುದ್ಧ ಮಾಡೋ ನೆರೆಮನೆಯವರಿಂದ?

ನಾಲ್ಕನೇ ಚಿತ್ರ ಕಮಲ ಮಹಲ್. ಕೆಳಗಿನ ಕಮಾನುಗಳು ಹೂವಿನ ಎಸಳಿನ ಹಾಗೆ ಬಾಗಿವೆ. ಈ ಕಮಾನು ಬಹಮನಿ ಸುಲ್ತಾನರ ಕಡೆಯ ಕಟ್ಟಡ ಪದ್ಧತಿಯದು. ಹಾಗೇ ಕಣ್ಣು ಮೇಲಕ್ಕೆತ್ತಿ: ಚಾವಣಿ ನಮ್ಮ ಗುಡಿಗಳ ಶಿಖರದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ಹತ್ತಿರದಲ್ಲೇ ಇರೋ ಗಜಶಾಲೆಯ 11 ಕೋಣೆಗಳ ಮೇಲಿನ ಗುಮ್ಮಟಗಳನ್ನು ಸಾಲಾಗಿ ನೋಡ್ರಿ. ನುಣುಪಾದದ್ದು, ಗೀರು ಗೀರಾದದ್ದು, ಮೂಲೆ ಇರೋದು, ಹೀಗೆ ಬದಲಾಗುತ್ತಾ ಹೋಗ್ತವೆ. ಕಲಿತದ್ದನ್ನು ಆಟಕ್ಕೆ ಹಚ್ಚಿದವರ ಕೈ ಅದು.

ಇದೇ ರಾಜ್ಯ ರಾಯಚೂರು ದೋಆಬಿಗಾಗಿ ಸುಲ್ತಾನರ ಜೊತೆ ತಲೆಮಾರುಗಟ್ಟಲೆ ಕಾದಾಡಿತು. 1520ರ ರಾಯಚೂರು ಯುದ್ಧ ನಮ್ಮ ಪಾಠದಲ್ಲೇ ಇದೆ. 1565ರಲ್ಲಿ ಅದೇ ಸುಲ್ತಾನರ ಒಕ್ಕೂಟದಿಂದ ಈ ನಗರ ಹಾಳಾಯ್ತು. ಆದರೂ ವಿಜಯನಗರದ ಅರಸರು ಮೊದಲ ತಲೆಮಾರಿನಿಂದಲೇ ಶಾಸನಗಳಲ್ಲಿ ತಮ್ಮನ್ನು "ಹಿಂದೂರಾಯ ಸುರತ್ರಾಣ" ಅಂತ ಕರೆದುಕೊಂಡರು. ಸುರತ್ರಾಣ ಅಂದ್ರೆ ಸುಲ್ತಾನ ಅನ್ನೋ ಪದಕ್ಕೆ ಸಂಸ್ಕೃತದ ಅಂಗಿ ತೊಡಿಸಿದ್ದು.

ಅಂಗಿ ಅಂದಾಗ ನೆನಪಾಯ್ತು. ಆಸ್ಥಾನದಲ್ಲಿ ರಾಜರು, ದೊಡ್ಡವರು ಉದ್ದನೆಯ ಜರಿ ಟೋಪಿ ಹಾಕ್ತಿದ್ದರು. ಪಾಯಸ್ ಅದನ್ನು ಕೃಷ್ಣದೇವರಾಯನ ತಲೆ ಮೇಲೆ ಕಂಡು ಬರೆದಿದ್ದಾನೆ. ಪಶ್ಚಿಮ ಏಷ್ಯಾದ ಉಡುಪಿನಿಂದ ಬಂದ ಆ ಟೋಪಿಯ ಹೆಸರು ಕುಲ್ಲಾಯಿ. ಎಲ್ಲೋ ಕೇಳಿದ ಹಾಗಿದೆಯಲ್ವಾ? "ಕೂಸು ಹುಟ್ಟೋ ಮುಂಚೆ ಕುಲಾವಿ" ಅಂತ ಮನೆಯಲ್ಲಿ ಬೈತಾರಲ್ಲ, ಅದೇ ಕುಲಾವಿ! ಪರ್ಷಿಯಾ ಕಡೆಯ ಟೋಪಿ ವಿಜಯನಗರದ ರಾಜನ ತಲೆಯೇರಿತು, ಆ ಹೆಸರು ನಮ್ಮ ಮನೆ ಕೂಸಿನ ಟೋಪಿಗೆ ಉಳಿಯಿತು.

ಹಾಗಾದ್ರೆ ಕಾಪಿಗೂ ಕಲಿಕೆಗೂ ಏನು ವ್ಯತ್ಯಾಸ? ಕಮಲ ಮಹಲನ್ನೇ ಕೇಳ್ರಿ. ಕಮಾನು ತಂದವರು ಕಮಾನು ಹೇಗೆ ಭಾರ ಹೊರುತ್ತೆ ಅಂತಲೂ ಕಲಿತರು. ಆಮೇಲೆ ಅದರ ಮೇಲೆ ತಮ್ಮ ಚಾವಣಿ ಕೂರಿಸಿದರು. ಮೇಲಿನ ಅರ್ಧ ನಿಮ್ಮದಾಗಿದ್ದರೆ ಕೆಳಗಿನ ಅರ್ಧಕ್ಕೆ ಸಾಲ ಮಾಡಬಹುದು. ಸಾಲ ಅಂತ ಒಪ್ಪಿಕೊಳ್ಳಬೇಕು, ಅಷ್ಟೇ.

5/8 ಹಾರುವ ತಟ್ಟೆ ಮತ್ತು ಹರಿಗೋಲು

ಈಗ ನದಿ ಜೊತೆ ಕೆಳಗೆ, ಕಂಪ್ಲಿ ಕಡೆ ಹೋಗೋಣ. ವಿಜಯನಗರ ಹುಟ್ಟೋ ಮುಂಚೆ ಈ ಸೀಮೆಯ ದೊಡ್ಡ ಹೆಸರು ಕಂಪಿಲ. ಕಂಪಿಲರಾಯನ ಆ ಪುಟ್ಟ ರಾಜ್ಯ 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಸಿಕ್ಕಿ ಅಳಿಯಿತು.

ಐದನೇ ಚಿತ್ರದಲ್ಲಿರೋದು ಹರಿಗೋಲು. ಹೊಳೆ ದಾಟಲು ಜನ ದುಂಡನೆಯ ಬುಟ್ಟಿಯಲ್ಲಿ ಕೂರೋದನ್ನು ಪಾಯಸ್ 500 ವರ್ಷದ ಹಿಂದೆ ಆನೆಗೊಂದಿ ಹತ್ತಿರ ನೋಡಿದ. ಒಳಗೆ ಹೆಣೆದ ಬುಟ್ಟಿ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತೆ, ಹೋಗುವಾಗ ಗಿರ್ರನೆ ತಿರುಗುತ್ತೆ ಅಂತ ವಿವರಿಸಿದ್ದಾನೆ. ಇವತ್ತು ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಆಕಾರ ಹಾಗೇ ಇದೆ. ಯಾಕೆ ಅಂದ್ರೆ ಹೊಳೆ ತುಂಬ ಬಂಡೆ. ಮೂತಿ ಇರೋ ದೋಣಿ ಬಂಡೆಗೆ ಗುದ್ದುತ್ತೆ, ದುಂಡನೆಯದು ತಾಗಿ ಜಾರಿಕೊಂಡು ಹೋಗುತ್ತೆ. ತಳ ಚಪ್ಪಟೆ ಇರೋದರಿಂದ ಕಡಿಮೆ ನೀರಲ್ಲೂ ತೇಲುತ್ತೆ. ಈ ಆಕಾರವನ್ನು ತಿದ್ದಿದ್ದು ಹೊಳೆ.

ಹರಿಗೋಲನ್ನು ಬೋರಲು ಹಾಕಿದ್ರೆ ಏನು ಕಾಣುತ್ತೆ? ಹಾರುವ ತಟ್ಟೆ! ಏಲಿಯನ್ ನೌಕೆ ಬಿಡಿಸು ಅಂದ್ರೆ ನಾವೆಲ್ಲ ಅದನ್ನೇ ಬಿಡಿಸ್ತೀವಿ. ಆ ಚಿತ್ರ ಹುಟ್ಟಿದ ಕಥೆ ಮಜವಾಗಿದೆ. 1947ರ ಜೂನ್ 24ರಂದು ಅಮೆರಿಕದ ಕೆನೆತ್ ಆರ್ನಾಲ್ಡ್ ಎಂಬ ಪೈಲಟ್, ಒಂಬತ್ತು ವಿಚಿತ್ರ ವಸ್ತುಗಳು ಹಾರಿದ್ದು ಕಂಡೆ ಅಂದ. ನೀರ ಮೇಲೆ ತಟ್ಟೆ ಎಸೆದರೆ ಪುಟಿದು ಪುಟಿದು ಹೋಗುತ್ತಲ್ಲ, ಹಾಗೆ ಹೋದವು ಅಂತ ಅವುಗಳ ಓಟವನ್ನು ವರ್ಣಿಸಿದ. ಪತ್ರಿಕೆಗಳು ಓಟ ಬಿಟ್ಟು ತಟ್ಟೆ ಹಿಡಿದುಕೊಂಡವು. "ಹಾರುವ ತಟ್ಟೆ" ಅಂತ ತಲೆಬರಹ ಬಂತು. ಆಮೇಲೆ ನೋಡಿದೆ ಅಂದವರೂ ತಟ್ಟೆಯನ್ನೇ ನೋಡಿದರು, ಸಿನಿಮಾದವರೂ ತಟ್ಟೆಯನ್ನೇ ಬಿಡಿಸಿದರು. ಒಬ್ಬರ ಚಿತ್ರ ನೋಡಿ ಇನ್ನೊಬ್ಬರು ಬಿಡಿಸುತ್ತಾ ಹೋದರೆ ಹೀಗಾಗುತ್ತೆ.

ಇದಕ್ಕೆ ಮದ್ದೂ ಇದೇ ಹೊಳೆಯಲ್ಲಿದೆ. ಟಿ.ಬಿ. ಡ್ಯಾಂ ಹತ್ತಿರದ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ನೀರುನಾಯಿ ಜೊತೆ ಮೊಸಳೆಯೂ ಇಲ್ಲಿದೆ. ಮೊದಲ ಚಿತ್ರಕ್ಕೆ ವಾಪಸ್ ಹೋಗಿ ಯಾಳಿಯ ಕಾಲ ಕೆಳಗಿನ ಮಕರ ನೋಡ್ರಿ. ಅದಕ್ಕೆ ಮೊಸಳೆಯ ದವಡೆ, ಆನೆಯ ಸೊಂಡಿಲು, ಬಾಲಕ್ಕೆ ಬಳ್ಳಿಯ ಸುರುಳಿ. ಅದನ್ನು ಕೆತ್ತಿದವನು ಮೊಸಳೆ ನೋಡಲು ಬಹಳ ದೂರ ಹೋಗಬೇಕಿರಲಿಲ್ಲ. ನೀವೂ ಹೋಗಬೇಕಿಲ್ಲ. ದಡದಿಂದ, ದೂರದಿಂದ ನೋಡಿದ್ರೆ ಸಾಕು!

6/8 ರಥದ ಮೇಲಿದ್ದ ಶಿಖರ

ಕಣ್ಣಾರೆ ನೋಡ್ರಿ ಅಂತ ಇಷ್ಟೊತ್ತು ಹೇಳಿದೆ. ಆದರೆ ನೋಡೋ ವಸ್ತುವೇ ಬದಲಾಗ್ತಾ ಇದ್ರೆ?

ವಿರೂಪಾಕ್ಷ ಗುಡಿಯ ಹಿಂಭಾಗದ ಕೋಣೆಯೊಂದರಲ್ಲಿ ದೊಡ್ಡ ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳೋದು ನಿಮಗೆ ಗೊತ್ತು. ಒಂಬತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಗೋಪುರ ಅಂಗೈ ಅಗಲದ ಕಿಂಡಿಗಿಂತ ಚಿಕ್ಕ ತೂತಿನೊಳಗೆ ನುಸುಳಿ ಬರುತ್ತೆ. ಬೆಳಕು ನೇರ ಗೆರೆಯಲ್ಲಿ ಹೋಗೋದರಿಂದ ಗೋಪುರದ ತುದಿಯ ಕಿರಣ ತೂತು ದಾಟಿ ಕೆಳಗೆ ಬೀಳುತ್ತೆ, ಬುಡದ್ದು ಮೇಲೆ ಬೀಳುತ್ತೆ. ನಿಮ್ಮ ಕೈಯಲ್ಲಿರೋ ಫೋನ್ ಕ್ಯಾಮರಾದ ಒಳಗೂ ಚಿತ್ರ ಹೀಗೇ ತಲೆಕೆಳಗಾಗಿ ಬೀಳೋದು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ದೊಡ್ಡ ಕ್ಯಾಮರಾ ಹೊತ್ತು ಹಂಪಿಗೆ ಬಂದ. ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಸೆರೆಹಿಡಿದ. ಅವನ ಕಲ್ಲಿನ ರಥದ ಫೋಟೋ ನೋಡಿದ್ರೆ ನೀವು ಬೆಚ್ಚಿಬೀಳ್ತೀರಿ. ರಥದ ನೆತ್ತಿ ಮೇಲೆ ಇಟ್ಟಿಗೆ ಗಾರೆಯ ಶಿಖರ ಇದೆ! ಆಮೇಲೆ ಅದನ್ನು ತೆಗೆದುಹಾಕಿದರು. 2017ರಲ್ಲಿ ಬಂದ ನೀಲಿ ಬಣ್ಣದ 50 ರೂಪಾಯಿ ನೋಟಿನ ಮೇಲಿರೋದು ಶಿಖರ ಕಳೆದುಕೊಂಡ ರಥ. ಮುಂದೆ ನಿಂತ ಆನೆಗಳೂ ಮೂಲದ್ದಲ್ಲ. ಅವುಗಳ ಹಿಂದೆ ಕುದುರೆಗಳ ಹಿಂಗಾಲು, ಬಾಲದ ಗುರುತು ಇನ್ನೂ ಇವೆ.

ಅಂದ್ರೆ ನಾವು ಟಿ-ಶರ್ಟಿಗೆ, ಸ್ಟಿಕ್ಕರಿಗೆ, ಮದುವೆ ಕಾರ್ಡಿಗೆ ಟ್ರೇಸ್ ಮಾಡೋ ರಥ ಅರ್ಧ ಅಳಿಸಿದ ಚಿತ್ರ. ಪೂರ್ತಿ ಚಿತ್ರ ಉಳಿದಿರೋದು ಒಬ್ಬ ಬಂದು ಫೋಟೋ ತೆಗೆದಿದ್ದಕ್ಕೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವಿನ ಸುಮಾರು 130 ವರ್ಷದಲ್ಲಿ ಏನು ಹೋಯ್ತು, ಏನು ಉಳೀತು ಅಂತ ಲೆಕ್ಕ ಸಿಗುತ್ತೆ.

ಕಳೆದುಹೋಗೋದು ಹಳೇ ಕಾಲಕ್ಕೆ ಮುಗಿದಿಲ್ಲ. 2019ರಲ್ಲಿ ಕೆಲವು ಯುವಕರು ಗಜಶಾಲೆ ಹಿಂದಿನ ವಿಷ್ಣು ಗುಡಿಯ ಕಂಬ ಬೀಳಿಸಿದ ವಿಡಿಯೊ ವೈರಲ್ ಆಯ್ತು. ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬೀದಿಯ ಸಾಲುಮಂಟಪದ ಒಂದು ಭಾಗ ಕುಸಿಯಿತು. ನೀವು ಇವತ್ತು ಸ್ಕೆಚ್ ಮಾಡಿದ ಕಂಬ ನಾಳೆ ಹಾಗೇ ಇರುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ.

7/8 ಸಂಡೂರಿನ ಸೂಜಿ

ಹೊಸಪೇಟೆಯಿಂದ ಸಂಡೂರು ದಾರಿ ಹಿಡಿದರೆ ಮಣ್ಣಿನ ಬಣ್ಣ ಕೆಂಪಾಗ್ತಾ ಹೋಗುತ್ತೆ. ಕಬ್ಬಿಣದ ಅದಿರಿನ ಕೆಂಪು. ಒಂದು ಕಾಲದಲ್ಲಿ ಮರದೆಲೆಗಳೂ ಅದಿರಿನ ಧೂಳಲ್ಲಿ ಮುಳುಗಿದ್ದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಮುಂದೆ ಮಿತಿ ಹಾಕಿ ಮತ್ತೆ ಬಿಟ್ಟಿತು. ಇದೇ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಜೊತೆಗೆ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ. ಅಂಥ ಕಣ್ಣನ್ನು ಬೆಳೆಸಿದ ಗುಡ್ಡಗಳಿವು.

ಏಳನೇ ಚಿತ್ರ ಸಂಡೂರು ಲಂಬಾಣಿ ಕಸೂತಿಯದು. ಲಂಬಾಣಿಗರು ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವೆಲ್ಲ ಸುತ್ತಿದವರು. ರೈಲು ಬಂದ ಮೇಲೆ ಆ ಕಸುಬು ಹೋಯ್ತು, ತಾಂಡಾಗಳು ನೆಲೆ ನಿಂತವು. ಹೆಣ್ಣುಮಕ್ಕಳ ಕೈಯ ಸೂಜಿ ಮಾತ್ರ ನಿಲ್ಲಲಿಲ್ಲ. ಫೇಟಿಯಾ, ಕಾಂಚಳಿ ಮೇಲೆ ಕನ್ನಡಿ ಚೂರು, ಕವಡೆ, ತುಂಡು ಬಟ್ಟೆ, ಬಣ್ಣದ ದಾರ. ಹೊಲಿಗೆಗಳು 14 ಬಗೆ ಅಂತ ಲೆಕ್ಕ ಹಾಕ್ತಾರೆ. ಅದರಲ್ಲೊಂದರ ಹೆಸರು ಸೂರ್ಯಕಾಂತಿ ಮಾಕಿ. ಹೆಸರಲ್ಲೇ ಹೂವಿದೆ. ಹತ್ತಿರದಿಂದ ನೋಡಿದ್ರೆ ತ್ರಿಕೋನ, ಚೌಕ, ಚುಕ್ಕೆ, ಅಲೆ. ಬಿಸಿಲಿಗೆ ಹಿಡಿದರೆ ಕನ್ನಡಿಗಳು ಹೊಳೆದು, ಕಪ್ಪು ಬಟ್ಟೆ ಮೇಲೆ ನಕ್ಷತ್ರ ಚೆಲ್ಲಿದ ಹಾಗೆ ಕಾಣುತ್ತೆ. ಬಾಹ್ಯಾಕಾಶದ ಪೋಸ್ಟರಿಗೆ ಇದಕ್ಕಿಂತ ಒಳ್ಳೆ ಹಿನ್ನೆಲೆ ನಾನು ನೋಡಿಲ್ಲ.

ಈ ಕಸೂತಿಗೆ ಜಿಐ ಟ್ಯಾಗ್ ಸಿಕ್ಕಿದೆ, ಅಂದ್ರೆ ಆ ಹೆಸರು ಈ ಸೀಮೆಯ ಕೆಲಸಕ್ಕೇ ಸಲ್ಲಬೇಕು. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳನ್ನು 2023ರ ಜುಲೈನಲ್ಲಿ ಹಂಪಿಯ ಜಿ20 ಸಂಸ್ಕೃತಿ ಸಭೆಯಲ್ಲಿ ಒಟ್ಟಿಗೆ ಪ್ರದರ್ಶಿಸಿದಾಗ ಗಿನ್ನೆಸ್ ದಾಖಲೆ ಆಯ್ತು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರು ಕಲ್ಲಲ್ಲಿ ಕೊರೆದು ಹೋಗಿದ್ದಾರೆ. ಹಂಪಿಯ ಯಾಳಿ ಕೆತ್ತಿದವರ ಹೆಸರು ಹೇಳಲು ನಮ್ಮಿಂದ ಆಗ್ತಿಲ್ಲ, ಅವರನ್ನು ಕೇಳೋ ಕಾಲ ಮುಗೀತು. ಆದರೆ ಕಸೂತಿ ಹಾಕೋ ಅಕ್ಕಂದಿರು ಇವತ್ತೂ ತಾಂಡಾದಲ್ಲಿದ್ದಾರೆ. ಅವರ ವಿನ್ಯಾಸದ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ "ಟ್ರೈಬಲ್ ಪ್ಯಾಟರ್ನ್" ಅಂತ ಮಾರೋದು ಸುಲಭ. ಒಂದು ಚೌಕಕ್ಕೆ ಎಷ್ಟು ಹೊತ್ತು ಹಿಡೀತು, ಈ ಹೊಲಿಗೆಗೆ ಏನಂತೀರಿ, ನಿಮ್ಮ ಹೆಸರು ಹಾಕಬಹುದಾ ಅಂತ ಕೇಳೋದಕ್ಕೆ ಬಸ್ ಹತ್ತಬೇಕು. ಹಾಗೆ ಕೇಳಿ ಮಾಡಿದ ಡಿಸೈನಿಗೆ ಬೆಲೆ ಬಂದರೆ ಅದರಲ್ಲಿ ಅವರಿಗೂ ಪಾಲು ಇರಬೇಕು.

8/8 ಈಗ ನಿಮ್ಮ ಸರದಿ

ಇಲ್ಲಿವರೆಗೆ ಓದಿದವರಿಗೆ ಥ್ಯಾಂಕ್ಸ್ ರೀ. ಲೆಕ್ಕ ಒಪ್ಪಿಸಿಬಿಡ್ತೀನಿ.

ಯಾಳಿಗೆ ಕಾಲು ಕೊಟ್ಟವರು ಹೋರ್ಮುಜ್‌ನ ಕುದುರೆಗಳು. ಮಕರಕ್ಕೆ ದವಡೆ ಕೊಟ್ಟಿದ್ದು ಹೊಳೆಯ ಮೊಸಳೆ. ಗಣಪನಿಗೆ ಹೊಟ್ಟೆ ಕೊಟ್ಟಿದ್ದು 250 ಕೋಟಿ ವರ್ಷದ ಬಂಡೆ. ಕಮಲ ಮಹಲಿಗೆ ಕಮಾನು ಕೊಟ್ಟವರು ಯುದ್ಧ ಮಾಡ್ತಿದ್ದ ನೆರೆಯವರು. ಇಷ್ಟನ್ನೂ ಕೂಡಿಸಿ, ಇಲ್ಲದ್ದನ್ನು ಇದೆ ಅನ್ನಿಸಿದ್ದು ಹೆಸರಿಲ್ಲದ ಕೈಗಳು.

ಹೊರಗಿನವರು ನಮ್ಮ ಕಡೆ ನೋಡ್ತಾನೇ ಇದ್ದಾರೆ. 2017ರ 'ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ' ಗೇಮ್ ಆಡಿದವರಿಗೆ ಗೊತ್ತು, ಅಮೆರಿಕದ ಸ್ಟುಡಿಯೊ ಒಂದು ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ಕಳೆದುಹೋದ ನಗರವನ್ನೇ ಕಟ್ಟಿಬಿಟ್ಟಿದೆ. 2023ರಲ್ಲಿ ಸಲ್ಮಾನ್ ರಶ್ದಿ 'ವಿಕ್ಟರಿ ಸಿಟಿ' ಕಾದಂಬರಿಯಲ್ಲಿ ವಿಜಯನಗರವನ್ನು ಬೀಜ ಬಿತ್ತಿ ಬೆಳೆದ ಮಾಯಾನಗರ ಮಾಡಿದರು. ಅವರು ಮಾಡಿದ್ದಕ್ಕೆ ಬೇಸರ ಬೇಡ. ಆದರೆ ಹೊಸಪೇಟೆಯ ಬಸ್‌ಸ್ಟ್ಯಾಂಡಿನಿಂದ ಅರ್ಧ ಗಂಟೆಯಲ್ಲಿ ಕಂಬದ ಮುಂದೆ ನಿಲ್ಲಬಲ್ಲ ನಾವು, ಅವರು ಮಾಡಿದ ಚಿತ್ರದ ಸ್ಕ್ರೀನ್‌ಶಾಟ್ ನೋಡಿ ಹಂಪಿ ಬಿಡಿಸೋದು ಬೇಡ. ಎಐಗೆ "ಹಂಪಿ ಶೈಲಿಯ ಪ್ರಾಣಿ" ಅಂತ ಬರೆದು ಕೊಟ್ಟರೂ ಅಷ್ಟೇ. ಅದು ಕೊಡೋ ಯಾಳಿ ಮಿರಮಿರ ಮಿಂಚುತ್ತೆ. ಅದರ ಹಿಂಗಾಲು ನೋಡ್ರಿ, ಮೈಭಾರ ಎಲ್ಲಿ ನಿಂತಿದೆ ಅಂತ ಕೇಳ್ರಿ.

ಈ ಭಾನುವಾರಕ್ಕೆ ಒಂದು ಆಟ. ನಮ್ಮ ಕಾಲದ ಯಾಳಿ ಬಿಡಿಸ್ರಿ. ನಿಯಮ ಮೂರೇ.

ಒಂದು: ಪ್ರತಿ ಭಾಗವೂ ನೀವು ಕಣ್ಣಾರೆ ನೋಡಿದ್ದಾಗಿರಬೇಕು. ದರೋಜಿಯ ಕರಡಿಯ ಪಂಜ ಆಗಬಹುದು, ಡ್ಯಾಂ ಗೇಟಿನ ಕಬ್ಬಿಣ ಆಗಬಹುದು, ಅದಿರು ಲಾರಿಯ ಮುಂಭಾಗ ಆಗಬಹುದು, ಹರಿಗೋಲಿನ ಹೆಣಿಗೆ ಆಗಬಹುದು. ಯಾವುದು ನಮ್ಮ ಕಾಲದ ಭಯ, ಯಾವುದು ನಮ್ಮ ಕಾಲದ ಕುದುರೆ ಅಂತ ಯೋಚಿಸಿ ಆರಿಸಿಕೊಳ್ಳಿ.

ಎರಡು: ಸ್ಥಳದಲ್ಲಿ ಕೂತು ಪೆನ್ಸಿಲಿನಲ್ಲಿ ಬಿಡಿಸಬೇಕು. ಕಂಬಕ್ಕೆ ಒರಗಬೇಡಿ, ಹತ್ತಬೇಡಿ, ಸಂಗೀತದ ಕಂಬ ಬಡಿಯಬೇಡಿ. ಫೋಟೋ ತೆಗೆದರೆ ತಾರೀಕು ಬರೆದಿಡಿ. ಇನ್ನು ನೂರು ವರ್ಷಕ್ಕೆ ಯಾರಿಗಾದರೂ ಬೇಕಾಗುತ್ತೆ.

ಮೂರು: ಚಿತ್ರದ ಕೆಳಗೆ ಪ್ರತಿ ಭಾಗ ಎಲ್ಲಿಂದ ಬಂತು ಅಂತ ಬರೀರಿ. ಮನುಷ್ಯರ ಕೈಯಿಂದ ಬಂದದ್ದಾದರೆ ಅವರನ್ನು ಕೇಳಿ, ಅವರ ಹೆಸರಿನ ಜೊತೆ.

ಮಾಡಿದವರು ಟ್ಯಾಗ್ ಮಾಡ್ರಿ, ಎಲ್ಲವನ್ನೂ ಸ್ಟೋರಿಗೆ ಹಾಕ್ತೀನಿ. ಚಂದ ಬರಲಿಲ್ಲ ಅಂತ ಯಾರೂ ಮುಚ್ಚಿಡಬೇಡಿ. ಕಾಲು ಸರಿಯಾಗಿ ನಿಂತಿದ್ರೆ ಸಾಕು, ಮುಖ ನಿಧಾನಕ್ಕೆ ಬರುತ್ತೆ.

ಮುಂದಿನ ಸರಣಿ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳ ಬಗ್ಗೆ. ಕುತ್ತಿಗೆ ನೋವಿಗೆ ರೆಡಿ ಇರ್ರಿ!

#ಹಂಪಿ #ಹೊಸಪೇಟೆ #ಕಂಪ್ಲಿ #ಸಂಡೂರು #ಯಾಳಿ #ನೋಡಿಬಿಡಿಸು #ಕನ್ನಡಇತಿಹಾಸ